ಕನ್ನಡದ ನಾಲಗೆ, ಇಂಗ್ಲಿಷಿನ ಮಾತು

ಹುನಗುಂದದಂಥ ತಾಲೂಕು ಸ್ಥಳದಲ್ಲಿ ಓದಿ ಪದವಿ ಪಡೆದ ತರುಣನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವನು ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲ. ದಿನಪತ್ರಿಕೆಯನ್ನು ಓದಿ ತಾತ್ಪರ್ಯ ಹೇಳಬಲ್ಲ. ಪರೀಕ್ಷೆಯಲ್ಲಿ ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸಿ ಪೂರ್ಣ ಅಂಕ ಪಡೆಯಬಲ್ಲ. ಆದರೆ ಎದುರಿಗೆ ಕುಳಿತ ಅಪರಿಚಿತರು ಆ ಭಾಷೆಯಲ್ಲಿ ಎರಡು ಮಾತು ಕೇಳಿದೊಡನೆ ಅವನ ಬಾಯಿ ಕಟ್ಟಿಹೋಗುತ್ತದೆ. ಇದಕ್ಕೆ ಜನ ಮೂರು ಕಾರಣ ಹೇಳುತ್ತಾರೆ. ಹುಡುಗ ಹಳ್ಳಿಯವನು, ಓದಿದ್ದು ಕನ್ನಡ ಮಾಧ್ಯಮ, ತಲೆ ಅಷ್ಟಕ್ಕಷ್ಟೆ. ಈ ಮೂರೂ ನಿಜವಾದ ಕಾರಣಗಳಲ್ಲ ಎಂಬುದನ್ನು ತೋರಿಸುವುದು ಈ ಭಾಷಣದ ಉದ್ದೇಶ.

ಕನ್ನಡದ ಮಾಸ್ತರನಿಗೆ ಇಂಗ್ಲಿಷಿನ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಲ್ಲಿ ಬಹುಪಾಲು ಅಜ್ಞಾನದಿಂದ ಹುಟ್ಟಿದವಲ್ಲ. ಕನ್ನಡದ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸುವುದರಿಂದ ಹುಟ್ಟಿದವು. ಆ ತಪ್ಪುಗಳ ಬೇರು ಕನ್ನಡದಲ್ಲಿರುವುದರಿಂದ ಕನ್ನಡ ಬಲ್ಲವನಿಗೆ ಅವು ಬೇಗ ಕಾಣಿಸುತ್ತವೆ. ಬೇರು ಕಂಡ ಮೇಲೆ ತಿದ್ದಿಕೊಳ್ಳುವುದು ಕಷ್ಟವಲ್ಲ.

ಪರಭಾಷೆಯನ್ನು ಕಲಿಯುವುದು ನಮ್ಮ ನೆಲಕ್ಕೆ ಹೊಸ ಸಂಗತಿಯೂ ಅಲ್ಲ. ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿ ದೇವಾಲಯದ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಬರೆಸಿದ ಶಾಸನ ಸಂಸ್ಕೃತದಲ್ಲಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ತ್ರಿಪದಿಗಳೂ ಸಂಸ್ಕೃತ ಶ್ಲೋಕವೂ ಒಂದೇ ಬಂಡೆಯ ಮೇಲೆ ನೆರೆಹೊರೆಯವರಂತೆ ಕುಳಿತಿವೆ. ಆಮೇಲೆ ಆದಿಲಶಾಹಿಯ ಕಾಲದಲ್ಲಿ ಪಾರಸಿ ಬಂತು, ಪೇಶವೆಯರೊಡನೆ ಮರಾಠಿ ಬಂತು. ನಮ್ಮವರು ಅವನ್ನು ಕಲಿತರು, ವ್ಯವಹಾರ ನಡೆಸಿದರು, ಬೇಕಾದ ಶಬ್ದಗಳನ್ನು ಉಳಿಸಿಕೊಂಡರು, ಕನ್ನಡವನ್ನು ಬಿಟ್ಟುಕೊಡಲಿಲ್ಲ. ಇಂಗ್ಲಿಷು ಈ ಸಾಲಿನ ಕೊನೆಯ ಅತಿಥಿ.

ಆದರೆ ಇಂಗ್ಲಿಷಿನ ವಿಷಯದಲ್ಲಿ ಒಂದು ವ್ಯತ್ಯಾಸವಾಯಿತು. ಪಾರಸಿ ಕಚೇರಿಯಲ್ಲಿ, ಮರಾಠಿ ಪೇಟೆಯಲ್ಲಿ ಕಿವಿಗೆ ಬೀಳುತ್ತಿದ್ದವು. ಇಂಗ್ಲಿಷು ಮಾತ್ರ ಹುನಗುಂದದಂಥ ಊರಿಗೆ ಪುಸ್ತಕದಲ್ಲಿ ಬಂತು. ನಾವು ಅದನ್ನು ಕಣ್ಣಿನಿಂದ ಕಲಿತೆವು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಪ್ರಾಂತದಲ್ಲಿ ಕೆಲಕಾಲ ಎಂಟನೆಯ ಇಯತ್ತೆಯಿಂದ ಇಂಗ್ಲಿಷು ಆರಂಭವಾಗುತ್ತಿತ್ತು. ಮುಂದೆ ಅದು ಐದನೆಯ ಇಯತ್ತೆಗೆ ಬಂತು. 2007–08ರಿಂದ ನಮ್ಮ ಸರಕಾರಿ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದಲೇ ಅದು ಒಂದು ವಿಷಯವಾಗಿದೆ. ಆರಂಭದ ವರ್ಷವನ್ನು ಹಿಂದಕ್ಕೆ ಸರಿಸಿದೆವು. ಕಲಿಯುವ ಇಂದ್ರಿಯವನ್ನು ಬದಲಿಸಲಿಲ್ಲ. ಇಂದಿಗೂ ಪಾಠವೆಂದರೆ ಫಲಕದ ಮೇಲಿನ ಅಕ್ಷರ, ನೋಟು ಪುಸ್ತಕಕ್ಕೆ ಇಳಿಸಿಕೊಳ್ಳುವ ಉತ್ತರ. ಮಾತು ಕಿವಿಯಿಂದ ಒಳಹೊಕ್ಕು ಬಾಯಿಂದ ಹೊರಬರುವ ವಸ್ತು. ಕಿವಿಗೆ ಹಾಕದೆ ಬಾಯಿಂದ ಬೇಡುವುದು ಬಿತ್ತದೆ ಬೆಳೆ ಕೇಳಿದಂತೆ.

ಕಣ್ಣನ್ನು ನಂಬಿ ಇಂಗ್ಲಿಷನ್ನು ಉಚ್ಚರಿಸಲು ಹೊರಟವನಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಕ್ಯಾಕ್ಸ್‌ಟನ್ ಎಂಬಾತ 1476ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚುಕೂಟ ಸ್ಥಾಪಿಸಿದ. ಅಲ್ಲಿಂದ ಕಾಗುಣಿತ ಕ್ರಮೇಣ ಸ್ಥಿರವಾಗುತ್ತ ಬಂತು. ಆದರೆ ಅದೇ ಕೆಲವು ಶತಮಾನಗಳಲ್ಲಿ ಆ ಭಾಷೆಯ ದೀರ್ಘ ಸ್ವರಗಳು ಸಾಲಾಗಿ ಸ್ಥಾನ ಬದಲಿಸಿದವು. ಬರಹ ಹಳೆಯ ಇಂಗ್ಲಿಷಿನ ಹತ್ತಿರ ಉಳಿಯಿತು, ಮಾತು ಮುಂದೆ ನಡೆಯಿತು. 'ನೈಟ್' ಎಂಬ ಶಬ್ದದಲ್ಲಿ ಎರಡು ಅಕ್ಷರಗಳು ಸುಮ್ಮನೆ ಕುಳಿತಿರುವುದನ್ನು ಕಂಡು ನಮ್ಮ ಮಕ್ಕಳು ಬೆರಗಾಗುತ್ತಾರೆ. ಒಂದು ಕಾಲಕ್ಕೆ ಅವು ಮಾತನಾಡುತ್ತಿದ್ದವು ಎಂದು ತಿಳಿಸಿದರೆ ಬೆರಗು ಕಡಿಮೆಯಾಗುತ್ತದೆ. ಆದುದರಿಂದ ಹೊಸ ಇಂಗ್ಲಿಷ್ ಶಬ್ದವನ್ನು ಮೊದಲು ಕೇಳಬೇಕು, ಆಮೇಲೆ ಹೇಳಬೇಕು, ಕೊನೆಗೆ ಬರೆಯಬೇಕು. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಈಗ ಉಚ್ಚಾರದ ವಿಷಯಕ್ಕೆ ಬರೋಣ. ನಮ್ಮ ಹುಡುಗರು ಬಸ್ಸು, ಬುಕ್ಕು, ಪೆನ್ನು ಎನ್ನುತ್ತಾರೆ. ಕಾರು, ರೋಡು, ಕೋಟು ಎನ್ನುತ್ತಾರೆ. ಇದನ್ನು ಕೇಳಿ ನಗುವವರಿದ್ದಾರೆ. ಆದರೆ ಗಮನಿಸಿ: ಮೊದಲ ಮೂರರಲ್ಲಿ ವ್ಯಂಜನ ಇಮ್ಮಡಿಸಿದೆ, ಕೊನೆಯ ಮೂರರಲ್ಲಿ ಇಮ್ಮಡಿಸಿಲ್ಲ. ಯಾರು ಕಲಿಸಿದರು ಈ ಭೇದವನ್ನು? ಹಳಗನ್ನಡದ 'ಕಣ್', 'ಕಲ್', 'ಮಣ್' ಎಂಬ ಶಬ್ದಗಳು ಹೊಸಗನ್ನಡದಲ್ಲಿ ಕಣ್ಣು, ಕಲ್ಲು, ಮಣ್ಣು ಆದವು. 'ಕಾಲ್', 'ಪಾಲ್' ಎಂಬವು ಕಾಲು, ಹಾಲು ಆದವು. ಹ್ರಸ್ವಸ್ವರದ ಮುಂದಿನ ವ್ಯಂಜನ ಇಮ್ಮಡಿಸಿ ಉಕಾರ ಬರುತ್ತದೆ, ದೀರ್ಘಸ್ವರವಿದ್ದರೆ ಬರಿಯ ಉಕಾರ ಬರುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇದೇ ನಿಯಮದಂತೆ ಬಸ್ಸನ್ನೂ ಕಾರನ್ನೂ ಕನ್ನಡಕ್ಕೆ ಸೇರಿಸಿಕೊಂಡಿದ್ದಾಳೆ. ಕನ್ನಡ ಮಾತಾಡುವಾಗ ಇದು ತಪ್ಪಲ್ಲ, ಭಾಷೆಯ ಜೀವಂತಿಕೆಯ ಲಕ್ಷಣ. ಇಂಗ್ಲಿಷ್ ಮಾತಾಡುವಾಗ ಮಾತ್ರ ಆ ಉಕಾರವನ್ನು ಬಾಗಿಲ ಹೊರಗೆ ಬಿಟ್ಟು ಹೋಗಬೇಕು. ಅದು ಹೇಗೆ ಎಂದರೆ, ಹಳಗನ್ನಡ ಓದುವಾಗ 'ಕಣ್' ಎಂದು ವ್ಯಂಜನದಲ್ಲಿಯೇ ನಿಲ್ಲಿಸುವಂತೆ 'ಬಸ್' ಎಂದೂ ನಿಲ್ಲಿಸುವುದು. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದ ವಿದ್ಯಾರ್ಥಿಗೆ ವ್ಯಂಜನಾಂತ ಶಬ್ದ ಅಪರಿಚಿತವಲ್ಲ.

ಇನ್ನು ಶಬ್ದದ ಮೊದಲಲ್ಲಿ. ನಾವು 'ಎಲ್ಲಿ' ಎಂದು ಬರೆದು 'ಯೆಲ್ಲಿ' ಎನ್ನುತ್ತೇವೆ. 'ಒಂದು' ಎಂದು ಬರೆದು 'ವೊಂದು' ಎನ್ನುತ್ತೇವೆ. ಅದೇ ರೂಢಿ ಇಂಗ್ಲಿಷಿಗೂ ಹೋಗಿ 'ಎಗ್' ಎಂಬುದು 'ಯೆಗ್' ಆಗುತ್ತದೆ, 'ಓನ್ಲಿ' ಎಂಬುದು 'ವೋನ್ಲಿ' ಆಗುತ್ತದೆ. ಬಾಯಿಯನ್ನು ಸ್ವರದ ಆಕಾರಕ್ಕೆ ತೆರೆದಿಟ್ಟುಕೊಂಡು, ಅನಂತರ ಧ್ವನಿ ಹೊರಡಿಸಿದರೆ ಈ ಯಕಾರ ವಕಾರಗಳು ನುಸುಳುವುದಿಲ್ಲ. ಕನ್ನಡದ ಒಂದೇ ವಕಾರಕ್ಕೆ ಇಂಗ್ಲಿಷಿನಲ್ಲಿ ಎರಡು ಧ್ವನಿಗಳಿವೆ. ಪಶ್ಚಿಮ ದಿಕ್ಕನ್ನು ಹೇಳುವ 'ವೆಸ್ಟ್' ಎಂಬಲ್ಲಿ ತುಟಿಗಳು ದುಂಡಾಗುತ್ತವೆ, ಹಲ್ಲು ತಾಗುವುದಿಲ್ಲ. ಒಳಅಂಗಿಯನ್ನು ಹೇಳುವ 'ವೆಸ್ಟ್' ಎಂಬಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗುತ್ತದೆ. ಕನ್ನಡಿಯ ಮುಂದೆ ನಿಂತು ನಾಲ್ಕು ದಿನ ಹೇಳಿದರೆ ಸಾಕು. 'ಫ಼' ಮತ್ತು 'ಜ಼' ಎಂಬ ಧ್ವನಿಗಳಿಗೆ ಗುರುಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹುನಗುಂದ, ಇಳಕಲ್ಲುಗಳಲ್ಲಿ ಉರ್ದು ಮನೆಮಾತಿನ ನೆರೆಯವರು 'ಜ಼ಮೀನ್', 'ಫ಼ಕೀರ್' ಎನ್ನುವುದನ್ನು ಕಿವಿಗೊಟ್ಟು ಕೇಳಿದರೆ ಎರಡೂ ಸಿಗುತ್ತವೆ.

ಬಿಡಿ ಧ್ವನಿಗಳಿಗಿಂತ ದೊಡ್ಡ ಸಂಗತಿ ಒತ್ತಿನದು. ನಮ್ಮ ಛಂದಸ್ಸು ಲಘು ಗುರುಗಳನ್ನು ಎಣಿಸುತ್ತದೆ, ಮಾತ್ರೆಗಳನ್ನು ಅಳೆಯುತ್ತದೆ. ನಮ್ಮ ಮಾತಿನಲ್ಲಿಯೂ ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲುತ್ತದೆ. ಇಂಗ್ಲಿಷು ಹಾಗಲ್ಲ, ಒಂದು ಶಬ್ದದಲ್ಲಿ ಒಂದು ಅಕ್ಷರವನ್ನು ಎತ್ತಿ ಹಿಡಿದು ಉಳಿದವನ್ನು ಅರ್ಧ ನುಂಗುತ್ತದೆ. ಬಿ.ಎಂ.ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರಲು ಕುಳಿತಾಗ ಎದುರಾದ ಸಮಸ್ಯೆಗಳಲ್ಲಿ ಇದೂ ಒಂದು: ಒತ್ತಿನ ಮೇಲೆ ನಡೆಯುವ ಪದ್ಯವನ್ನು ಮಾತ್ರೆಯ ಮೇಲೆ ನಡೆಯುವ ಭಾಷೆಗೆ ಕೂರಿಸುವುದು. ಕವಿಗೆ ಕಾವ್ಯದಲ್ಲಿ ಎದುರಾದದ್ದು ಕಲಿಯುವವನಿಗೆ ಮಾತಿನಲ್ಲಿ ಎದುರಾಗುತ್ತದೆ. 'ಫೋಟೊಗ್ರಾಫ್' ಎಂಬಲ್ಲಿ ಒತ್ತು ಮೊದಲ ಅಕ್ಷರಕ್ಕೆ. 'ಫೊಟಾಗ್ರಫಿ' ಎಂಬಲ್ಲಿ ಎರಡನೆಯದಕ್ಕೆ. 'ಫೋಟೊಗ್ರಾಫಿಕ್' ಎಂಬಲ್ಲಿ ಮೂರನೆಯದಕ್ಕೆ. 'ಡೆವೆಲಪ್', 'ಹೋಟೆಲ್' ಎಂಬುವುಗಳಿಗೆ ನಾವು ಮೊದಲಲ್ಲಿ ಒತ್ತು ಕೊಡುತ್ತೇವೆ. ಅದು ಎರಡನೆಯದಕ್ಕೆ ಸಲ್ಲಬೇಕು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ 1969ರಲ್ಲಿ ಪ್ರಕಟವಾದ ಆರ್.ಕೆ.ಬನ್ಸಲ್ ಅವರ ಅಧ್ಯಯನವು ಭಾರತೀಯರ ಇಂಗ್ಲಿಷು ಹೊರಗಿನವರಿಗೆ ತಿಳಿಯದೆ ಹೋಗುವ ಮುಖ್ಯ ಕಾರಣಗಳಲ್ಲಿ ಒತ್ತಿನ ತಪ್ಪನ್ನು ಎತ್ತಿ ಹೇಳಿತು. ನಮ್ಮ ಟಕಾರ ಡಕಾರಗಳು ನಮ್ಮವೇ ಆಗಿದ್ದರೆ ಚಿಂತೆಯಿಲ್ಲ. ಲಂಡನ್ನಿನವರಂತೆ ಮಾತಾಡುವ ಅಗತ್ಯವೂ ಇಲ್ಲ. ಒತ್ತು ಸ್ಥಾನದಲ್ಲಿದ್ದರೆ ಕನ್ನಡಿಗನ ಇಂಗ್ಲಿಷನ್ನು ಜಗತ್ತು ಅರ್ಥಮಾಡಿಕೊಳ್ಳುತ್ತದೆ.

ವ್ಯಾಕರಣದ ಕಥೆಯೂ ಇದೇ. 'ಐ ಆಮ್ ನೋಯಿಂಗ್' ಎಂದು ಹುಡುಗ ಹೇಳುತ್ತಾನೆ. ಕನ್ನಡದಲ್ಲಿ 'ನನಗೆ ಗೊತ್ತು' ಎನ್ನುವಾಗ ತಿಳಿದವನು ಚತುರ್ಥೀ ವಿಭಕ್ತಿಯಲ್ಲಿದ್ದಾನೆ. ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ನನಗೆ ಹಸಿವೆ, ನನಗೆ ಬೇಕು, ನನಗೆ ನೆನಪಿದೆ—ಇವೆಲ್ಲ ನಮಗೆ ಬಂದೊದಗುವ ಸ್ಥಿತಿಗಳು. ಇಂಗ್ಲಿಷಿನವನು ಇವುಗಳಿಗೆ ತಾನೇ ಕರ್ತೃವಾಗುತ್ತಾನೆ. 'ನನಗೆ' ಎಂದು ಆರಂಭವಾಗುವ ಕನ್ನಡ ವಾಕ್ಯಗಳನ್ನು ಒಂದು ಪುಟದಲ್ಲಿ ಬರೆದು, ಎದುರಿಗೆ ಅವುಗಳ ಇಂಗ್ಲಿಷ್ ರೂಪ ಬರೆದುಕೊಂಡರೆ ಒಂದು ಜಾತಿಯ ತಪ್ಪೇ ಬಿದ್ದುಹೋಗುತ್ತದೆ. 'ನಿನ್ನೆ ಬಂದಿದ್ದೆ' ಎಂಬ ನಮ್ಮ ಸಹಜ ಮಾತಿನಿಂದ 'ಐ ಹ್ಯಾಡ್ ಕಮ್ ಯೆಸ್ಟರ್‌ಡೇ' ಹುಟ್ಟುತ್ತದೆ. ಅಲ್ಲಿ ಬರಿಯ 'ಕೇಮ್' ಸಾಕು. 'ನೀನು ಹೋಗಲಿಲ್ಲವೇ?' ಎಂದರೆ ನಾವು 'ಹೌದು, ಹೋಗಲಿಲ್ಲ' ಎನ್ನುತ್ತೇವೆ; ಕೇಳಿದವನ ಮಾತನ್ನು ಒಪ್ಪಿಕೊಳ್ಳುವ ಸೌಜನ್ಯ ಅದು. ಇಂಗ್ಲಿಷು ಸಂಗತಿಯನ್ನು ಮಾತ್ರ ನೋಡಿ 'ನೋ' ಎನ್ನುತ್ತದೆ. ಸಂದರ್ಶನದಲ್ಲಿ ಈ ಒಂದು 'ಯೆಸ್' ಎಷ್ಟು ಜನರ ಉತ್ತರವನ್ನು ತಿರುವುಮುರುವು ಮಾಡಿದೆಯೋ!

'ಎ', 'ದಿ' ಎಂಬ ಉಪಪದಗಳು ಕನ್ನಡದಲ್ಲಿಲ್ಲ, ಅವು ನಮಗೆ ಒಲಿಯುವುದಿಲ್ಲ ಎಂಬುದು ಸಾಮಾನ್ಯ ದೂರು. ಆದರೆ ಮನೆಯಲ್ಲಿ ಅಜ್ಜಿ ಕಥೆ ಹೇಳುವುದನ್ನು ಕೇಳಿ: 'ಒಂದೂರಾಗ ಒಬ್ಬ ರಾಜಾ ಇದ್ದ. ಆ ರಾಜಾಗ ಇಬ್ಬರು ಹೆಂಡಂದಿರು.' ಮೊದಲ ಸಲ ಬಂದ ರಾಜ 'ಒಬ್ಬ' ರಾಜ; ಪರಿಚಯವಾದ ಮೇಲೆ 'ಆ' ರಾಜ. ಇಂಗ್ಲಿಷಿನ ಎರಡು ಉಪಪದಗಳ ಮುಖ್ಯ ತತ್ವ ಇಷ್ಟರಲ್ಲಿಯೇ ಇದೆ. ಉಳಿದ ಸೂಕ್ಷ್ಮಗಳು ಓದಿನಿಂದ ಬರುತ್ತವೆ.

ವಿನಯದ ಪ್ರಶ್ನೆಯನ್ನು ವ್ಯಾಕರಣ ಪುಸ್ತಕಗಳು ಬಹುಮಟ್ಟಿಗೆ ಬಿಡುತ್ತವೆ. ನಮ್ಮ ಭಾಗದಲ್ಲಿ 'ಒಂದೀಟು ನೀರು ಕೊಡ್ರಿ' ಎಂದರೆ ಮರ್ಯಾದೆ ಪೂರ್ತಿಯಾಯಿತು. ಆ 'ರಿ' ಎಂಬ ಒಂದಕ್ಷರದಲ್ಲಿ ಗೌರವ, ಸ್ನೇಹ, ವಿನಂತಿ ಎಲ್ಲವೂ ಅಡಗಿವೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಭಾಗ್ಯವಿಲ್ಲ. ಅದನ್ನು ಅಕ್ಷರಶಃ ತಿರುಗಿಸಿ 'ಗಿವ್ ವಾಟರ್' ಎಂದರೆ, ವಿನಯಶೀಲನಾದ ನಮ್ಮ ಹುಡುಗ ಒರಟನಂತೆ ಕೇಳಿಸುತ್ತಾನೆ. 'ರಿ' ಮಾಡುವ ಕೆಲಸವನ್ನು ಅಲ್ಲಿ 'ಪ್ಲೀಸ್', 'ಕುಡ್ ಯೂ', 'ಮೇ ಐ' ಎಂಬವು ಮಾಡಬೇಕು. ಇಂಗ್ಲಿಷ್ ಮಾತು ಉದ್ದವೆನಿಸಿದರೆ ಬೇಸರಿಸಬಾರದು. ಅದು ಅವರ 'ರಿ' ಎಂದು ತಿಳಿಯಬೇಕು.

ಶಬ್ದಸಂಪತ್ತಿನ ಬಗ್ಗೆ ದೊಡ್ಡ ಭ್ರಮೆಯಿದೆ. ನಿಘಂಟನ್ನು ಬಾಯಿಪಾಠ ಮಾಡಿದವರನ್ನು ನಾನು ನೋಡಿದ್ದೇನೆ. ಅವರಿಗೆ ಮಾತು ಬಂದದ್ದನ್ನು ನೋಡಿಲ್ಲ. ಹಿಂದೆ ಢಾಕಾದಲ್ಲಿ ಬಂಗಾಲಿ ಮಕ್ಕಳಿಗಾಗಿ ದುಡಿದ ಮೈಕೇಲ್ ವೆಸ್ಟ್ ಎಂಬ ಶಿಕ್ಷಣತಜ್ಞರು 1953ರಲ್ಲಿ ಅತ್ಯವಶ್ಯ ಇಂಗ್ಲಿಷ್ ಶಬ್ದಗಳ ಒಂದು ಪಟ್ಟಿ ಪ್ರಕಟಿಸಿದರು. ಅದರಲ್ಲಿರುವುದು ಸುಮಾರು 2000 ಶಬ್ದಗಳು. ದಿನಬಳಕೆಯ ಮಾತಿಗೆ ಅಷ್ಟು ಧಾರಾಳ. ನಮ್ಮ ಕಾಲೇಜಿನ ವಿದ್ಯಾರ್ಥಿಗೆ ಅವುಗಳಲ್ಲಿ ಬಹುಪಾಲು ಕಣ್ಣಿಗೆ ಗೊತ್ತಿರುತ್ತವೆ, ನಾಲಗೆಗೆ ಗೊತ್ತಿರುವುದಿಲ್ಲ. ಶಬ್ದವನ್ನು ಒಂಟಿಯಾಗಿ ಕಲಿಯಬಾರದು, ಸಂಗಾತಿಯೊಡನೆ ಕಲಿಯಬೇಕು. ಕನ್ನಡದಲ್ಲಿ ಊಟ 'ಮಾಡು'ತ್ತೇವೆ, ನಿದ್ದೆ 'ಮಾಡು'ತ್ತೇವೆ, ತಪ್ಪು 'ಮಾಡು'ತ್ತೇವೆ. ಇಂಗ್ಲಿಷಿನಲ್ಲಿ ಈ ಒಂದೊಂದಕ್ಕೂ ಬೇರೆ ಕ್ರಿಯಾಪದ. ಎ.ಎಸ್.ಹಾರ್ನ್‌ಬಿ ಅವರು ಜಪಾನಿನಲ್ಲಿ ಅಧ್ಯಾಪಕರಾಗಿದ್ದಾಗ ಸಿದ್ಧಪಡಿಸಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ನಿಘಂಟು ಯಾವ ಕ್ರಿಯಾಪದ ಯಾವ ಬಗೆಯ ವಾಕ್ಯದಲ್ಲಿ ಕೂರುತ್ತದೆಂಬುದನ್ನು ತೋರಿಸಿತು. ಅದರ ವಂಶದ ಆಕ್ಸ್‌ಫರ್ಡ್ ಕಲಿಕೆಯ ನಿಘಂಟು ಇಂದಿಗೂ ನಮ್ಮಂಥವರಿಗೆ ಒಳ್ಳೆಯ ಜೊತೆಗಾರ. 'ಫರ್ನಿಚರ್', 'ಅಡ್ವೈಸ್' ಎಂಬ ಶಬ್ದಗಳಿಗೆ ಬಹುವಚನ ಪ್ರತ್ಯಯ ಹತ್ತುವುದಿಲ್ಲವೆಂಬ ಎಚ್ಚರಿಕೆಯನ್ನೂ ಅದು ಕೊಡುತ್ತದೆ. ಇಂದು ಕೈಯಲ್ಲಿರುವ ಮೊಬೈಲ್ ಫೋನು ಶಬ್ದದ ಉಚ್ಚಾರವನ್ನೂ ಕೇಳಿಸುತ್ತದೆ. ಆ ಸೌಕರ್ಯ ಹಿಂದಿನ ತಲೆಮಾರಿಗೆ ಇರಲಿಲ್ಲ.

ಇಷ್ಟೆಲ್ಲ ತಿಳಿದರೂ ಬಾಯಿ ತೆರೆಯದಿದ್ದರೆ ಫಲವಿಲ್ಲ. ಬಾಯಿಯನ್ನು ಕಟ್ಟಿಹಾಕಿರುವುದು ವ್ಯಾಕರಣವಲ್ಲ, ನಾಚಿಕೆ. ನನ್ನ ವಿದ್ಯಾರ್ಥಿಯೊಬ್ಬ ಪಂಪನ ಪದ್ಯಗಳನ್ನು ಅನ್ವಯ ಸಹಿತ ಹೇಳುತ್ತಿದ್ದ. ಕಲ್ಲಿನ ಕಣಿಯಲ್ಲಿ ದುಡಿಯುವ ತಂದೆಯ ಮಗ. ಬೆಂಗಳೂರಿಗೆ ಸಂದರ್ಶನಕ್ಕೆ ಹೋದ. ಅವನು ಉಚ್ಚರಿಸಿದ ಒಂದು ಶಬ್ದಕ್ಕೆ ಎದುರಿಗಿದ್ದವರೊಬ್ಬರು ನಕ್ಕರಂತೆ. ಆಮೇಲೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೂ ಅವನು ಹೇಳಲಿಲ್ಲ. ಊರಿಗೆ ಬಂದು, 'ಸರ್, ನಂದು ತಲಿ ದಡ್ಡದ ಐತ್ರಿ' ಎಂದ. ಅವನು ದಡ್ಡನೆಂದು ನಾನು ಒಪ್ಪಲಾರೆ. ಒಂದು ನಗೆ ಒಬ್ಬ ಮನುಷ್ಯನ ವಿದ್ಯೆಯನ್ನೆಲ್ಲ ಅವನ ಕಣ್ಣಲ್ಲಿಯೇ ಸಣ್ಣದು ಮಾಡಬಲ್ಲುದು. ಇಂಥ ಹುಡುಗರು, ಅವರಿಗಿಂತ ಹೆಚ್ಚಾಗಿ ಹುಡುಗಿಯರು, ಪ್ರತಿವರ್ಷ ನಮ್ಮ ಊರುಗಳಿಗೆ ಮರಳಿ ಬಂದು ಮೌನವಾಗಿ ಕೂರುತ್ತಾರೆ. ಅವರ ಅನುಭವಕ್ಕೆ ಹೆದರಿದ ತಂದೆತಾಯಿಗಳು ಮುಂದಿನ ಮಗುವನ್ನು ಹೆಸರಿಗಷ್ಟೇ ಇಂಗ್ಲಿಷ್ ಮಾಧ್ಯಮವಾದ ಶಾಲೆಗೆ ಹಾಕುತ್ತಾರೆ. ಅಂಥ ಕಡೆ ಎಷ್ಟೋ ಸಲ ಎರಡೂ ಭಾಷೆಗಳು ಅರ್ಧರ್ಧ ಬರುತ್ತವೆ.

ಇಲ್ಲೊಂದು ವಿಚಿತ್ರವನ್ನು ನೋಡಿ. ಐಹೊಳೆಗೆ ಬಂದ ವಿದೇಶೀಯನೊಬ್ಬ 'ನಮಸ್ಕಾರ, ಊಟ ಆಯ್ತಾ' ಎಂದು ತೊದಲಿದರೆ, 'ಎಷ್ಟು ಛಂದ ಕನ್ನಡ ಮಾತಾಡ್ತಾನ!' ಎಂದು ನಾವು ಹಿಗ್ಗುತ್ತೇವೆ. ನಮ್ಮದೇ ಹುಡುಗ ಇಂಗ್ಲಿಷಿನಲ್ಲಿ ತೊದಲಿದರೆ ನಗುತ್ತೇವೆ. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲ್ ಅವರು ಕನ್ನಡವನ್ನು ಕಲಿತು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಮುಂಬಯಿ ಸರಕಾರದ ಅಧಿಕಾರಿ ಜೆ.ಎಫ್.ಫ್ಲೀಟ್ ಅವರು ಶಾಸನಗಳನ್ನು ಓದಿದ್ದಷ್ಟೇ ಅಲ್ಲ, ನಮ್ಮ ಭಾಗದ ಲಾವಣಿಗಳನ್ನೂ ಸಂಗ್ರಹಿಸಿ ಪ್ರಕಟಿಸಿದರು. ಲಾವಣಿ ಹಾಡುವವರ ಬಾಯಲ್ಲಿರುತ್ತದೆ; ಅದನ್ನು ಕಿವಿಯಿಂದಲ್ಲದೆ ಸಂಗ್ರಹಿಸಲಾಗದು. ಅವರ ಮೊದಲ ಕನ್ನಡವೂ ತೊದಲೇ ಆಗಿದ್ದಿರಬೇಕು. ಅವರಿಗೆ ಸಿಕ್ಕ ಆ ತಾಳ್ಮೆಯ ಕಿವಿ ನಮ್ಮ ಮಕ್ಕಳಿಗೂ ಸಿಗಬೇಡವೇ?

ಅಭ್ಯಾಸದ ಬಗ್ಗೆ ಕೆಲವು ಮಾತುಗಳು. ದಿನಕ್ಕೆ ಕಾಲು ಗಂಟೆ ಇಂಗ್ಲಿಷನ್ನು ಗಟ್ಟಿಯಾಗಿ ಓದಬೇಕು. ಮನಸ್ಸಿನಲ್ಲಿ ಓದಿದರೆ ನಾಲಗೆಗೆ ವ್ಯಾಯಾಮವಾಗುವುದಿಲ್ಲ. ರೇಡಿಯೋದ ಇಂಗ್ಲಿಷ್ ವಾರ್ತೆಯನ್ನು ಕೇಳಿ, ಒಂದು ವಾಕ್ಯವನ್ನು ಹಿಡಿದು ಅದೇ ಏರಿಳಿತದಲ್ಲಿ ಹೇಳಬೇಕು. ಬಿಬಿಸಿ 1943ರಲ್ಲಿಯೇ ರೇಡಿಯೋ ಮೂಲಕ ಇಂಗ್ಲಿಷ್ ಕಲಿಸತೊಡಗಿತು. ಕಿವಿಯ ಪಾಠಶಾಲೆಗೆ ಹಳೆಯ ಇತಿಹಾಸವಿದೆ. ಸಂಜೆ ಇಬ್ಬರು ಗೆಳೆಯರು ತಿರುಗಾಡಲು ಹೋಗುವಾಗ ಇಂತಿಷ್ಟು ದೂರ ಇಂಗ್ಲಿಷಿನಲ್ಲಿಯೇ ಮಾತಾಡಬೇಕೆಂದು ಗೊತ್ತುಮಾಡಿಕೊಳ್ಳಬೇಕು. ಒಬ್ಬರ ತಪ್ಪನ್ನು ಇನ್ನೊಬ್ಬರು ಮಾತಿನ ನಡುವೆ ತಿದ್ದಬಾರದು. ಮಾತು ಮುಗಿದ ಮೇಲೆ ಒಂದೋ ಎರಡೋ ತಿದ್ದಿದರೆ ಸಾಕು. ವಿಷಯ ನಮ್ಮದೇ ಆಗಿರಲಿ. ಪಠ್ಯದಲ್ಲಿ ಬರುವ ಹಿಮ, ಡ್ಯಾಫೊಡಿಲ್ ಹೂವುಗಳನ್ನು ನಾವು ನೋಡಿಲ್ಲ. ಇಳಕಲ್ಲಿನ ನೇಕಾರರ ಮಗಳು ಒಡಲಿನ ಹಾಸಿಗೂ ರೇಶಿಮೆ ಸೆರಗಿನ ಹಾಸಿಗೂ ಕೊಂಡಿ ಹಾಕಿ ಸೀರೆಯನ್ನು ಒಂದು ಮಾಡುವ ಬಗೆಯನ್ನು ಇಂಗ್ಲಿಷಿನಲ್ಲಿ ವಿವರಿಸಲಿ; ಕೂಡಲಸಂಗಮದ ಹುಡುಗ ಕೃಷ್ಣೆ ಮಲಪ್ರಭೆಯರು ಸೇರುವ ಸ್ಥಳವನ್ನು ಬಣ್ಣಿಸಲಿ. ಹೇಳಲು ಸಂಗತಿಯಿದ್ದವನಿಗೆ ಶಬ್ದ ತಾನಾಗಿ ಒದಗುತ್ತದೆ. ಹಾಡ್ತಾ ಹಾಡ್ತಾ ರಾಗ ಎಂಬ ಗಾದೆ ಪರಭಾಷೆಗೂ ಸಲ್ಲುತ್ತದೆ.

ಇಂಗ್ಲಿಷು ಬಂದರೆ ಕನ್ನಡ ಹೋದೀತೆಂಬ ಅಂಜಿಕೆ ಕೆಲವರಿಗಿದೆ. ಕನ್ನಡ ಬಿಟ್ಟರೆ ಮಾತ್ರ ಇಂಗ್ಲಿಷು ಬಂದೀತೆಂಬ ನಂಬಿಕೆ ಹಲವರಿಗಿದೆ. ಎರಡಕ್ಕೂ ಉತ್ತರವಾಗಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ನಮ್ಮ ಕಣ್ಣ ಮುಂದಿದ್ದಾರೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿ ದುಡಿದು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದವರು ಅವರು. ಕನ್ನಡದಲ್ಲಿ ಮಹಾಕಾವ್ಯ ಬರೆದವರೂ ಅವರೇ. 1981ರಲ್ಲಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದು ಹೇಳಿದ ಸಮಿತಿಯ ಅಧ್ಯಕ್ಷರೂ ಅವರೇ. ಒಂದು ಭಾಷೆಯ ಪ್ರೀತಿ ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ.

ನಮ್ಮ ಹುಡುಗನಿಗೆ ಮನೆಯಲ್ಲಿ 'ಹೊಂಟೇನಿ', ಪುಸ್ತಕದಲ್ಲಿ 'ಹೊರಟಿದ್ದೇನೆ' ಎಂಬ ಎರಡು ಕನ್ನಡಗಳು ಆಗಲೇ ಬಂದಿವೆ. ಎಲ್ಲಿ ಯಾವುದನ್ನು ಆಡಬೇಕೆಂಬ ವಿವೇಕವೂ ಬಂದಿದೆ. ಭಾಷೆ ಕಲಿಯುವ ಕೆಲಸದಲ್ಲಿ ಅತ್ಯಂತ ಕಠಿಣವಾದದ್ದು ಆ ವಿವೇಕ. ಅದನ್ನು ಅವನು ಐದಾರು ವರ್ಷದವನಿದ್ದಾಗಲೇ ಯಾರ ಸಹಾಯವೂ ಇಲ್ಲದೆ ಸಂಪಾದಿಸಿದ್ದಾನೆ. ಇಂಗ್ಲಿಷು ಅವನ ಮೂರನೆಯ ಮಾತು, ಅಷ್ಟೆ. ಅವನು ತಪ್ಪಾಗಿ ಆಡುವಾಗ ಕೇಳಿಸಿಕೊಳ್ಳುವ ನಾಲ್ಕು ಜನರು ಊರಿನಲ್ಲಿದ್ದರೆ ಸರಿಯಾಗಿ ಆಡುವ ದಿನ ದೂರವಿರುವುದಿಲ್ಲ. ಆ ನಾಲ್ಕು ಜನರು ನಾವಾಗೋಣ.